ಅರ್ಧ ಉಂಗುರದ ಕವಡೆ: ಮಿಶ್ರತಳಿಯನ್ನು ಗುರುತಿಸಲು ಕಲಿಯುವವರಿಗೆ

ಅಜ್ಜಿಯ ಚೌಕಾಬಾರದ ಡಬ್ಬಿಯಲ್ಲಿ ನಾಲ್ಕು ಕವಡೆಗಳಿದ್ದವು. ಮೂರು ಹಳದಿ, ಅಂಚಿನಲ್ಲಿ ಗಂಟುಗಂಟು. ನಾಲ್ಕನೆಯದರ ಬೆನ್ನ ಮೇಲೆ ಅರ್ಧ ಉಂಗುರ. ಒಂದು ಬದಿಯಲ್ಲಿ ಕಿತ್ತಳೆ ಬಣ್ಣದ ಗೆರೆ ಎದ್ದು ಕಾಣುತ್ತಿತ್ತು, ಇನ್ನೊಂದು ಬದಿಗೆ ಬರುವಾಗ ಹಳದಿಯಲ್ಲಿ ಕರಗಿಹೋಗುತ್ತಿತ್ತು. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಕವಚಿ ಬಿದ್ದರೆ ಬಾರ. ಆಟದ ಗಲಾಟೆಯಲ್ಲಿ ಆ ಒಂದು ಕವಡೆ ಯಾಕೆ ಹಾಗಿದೆ ಎಂದು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ಎರಡು ಬೇರೆ ಬೇರೆ ಪ್ರಭೇದದ ಕವಡೆಗಳು ಅಪರೂಪಕ್ಕೆ ಕೂಡಿ ಮರಿ ಮಾಡುತ್ತವೆ, ಅಂಥ ಮರಿಯ ಚಿಪ್ಪಿನಲ್ಲಿ ಎರಡೂ ಕಡೆಯ ಲಕ್ಷಣ ಬೆರೆತಿರುತ್ತದೆ ಎಂದು ನನಗೆ ತಿಳಿದದ್ದು ದೊಡ್ಡವನಾದ ಮೇಲೆ. ಡಬ್ಬಿ ಹುಡುಕಿ ತೆಗೆದೆ. ಅಲ್ಲಿಂದ ಶುರುವಾದ ಹುಚ್ಚು ಇದು.

ಪ್ರಪಂಚದ ಸಮುದ್ರಗಳಲ್ಲಿ ಸುಮಾರು 250 ಪ್ರಭೇದದ ಕವಡೆಗಳಿವೆ. ಒಂದೇ ಬಂಡೆಯ ಅಡಿಯಲ್ಲಿ ನಾಲ್ಕೈದು ಪ್ರಭೇದಗಳು ಒಟ್ಟಿಗೆ ಬದುಕುತ್ತವೆ, ಆದರೂ ಕೂಡುವುದು ತಮ್ಮ ತಮ್ಮಲ್ಲೇ. ಈ ಗೆರೆ ಎಲ್ಲೋ ಒಮ್ಮೆ ದಾಟಿದಾಗ ಹುಟ್ಟುವುದನ್ನು ಸಂಗ್ರಾಹಕರು ಮಿಶ್ರತಳಿ ಎನ್ನುತ್ತಾರೆ, ಆಸೆಯಿಂದ ಹುಡುಕುತ್ತಾರೆ. ಆಸೆ ಇರುವಲ್ಲಿ ಅವಸರವೂ ಇರುತ್ತದೆ. ಸ್ವಲ್ಪ ವಿಚಿತ್ರವಾಗಿ ಕಂಡ ಕವಡೆಗೆಲ್ಲ ಮಿಶ್ರತಳಿಯ ಚೀಟಿ ಅಂಟಿಸಿಬಿಡುತ್ತೇವೆ. ಮಿಶ್ರತಳಿ ಎನ್ನುವುದು ಕೊನೆಯ ಉತ್ತರವಾಗಬೇಕು. ಉಳಿದ ಎಲ್ಲ ಉತ್ತರಗಳನ್ನೂ ಒಂದೊಂದಾಗಿ ತಳ್ಳಿಹಾಕಿದ ಮೇಲೆ ಕೈಯಲ್ಲಿ ಉಳಿದರೆ ಮಾತ್ರ ಆ ಮಾತು. ಕೆಳಗಿನ ಹಂತಗಳ ಕ್ರಮ ಇರುವುದು ಅದಕ್ಕಾಗಿಯೇ. ಹಂತ ಹಾರಿಸಬೇಡಿ.

ಹಂತ 1: ಕವಡೆ ಬೆಳೆಯುವ ಬಗೆ ತಿಳಿಯಿರಿ

ಇದನ್ನು ಬಿಟ್ಟು ಮುಂದೆ ಹೋದವರು ಎಡವುವುದು ಖಂಡಿತ. ನಾವು ಆಟದಲ್ಲಿ ಬಳಸುವ ಕವಡೆ ಪೂರ್ತಿ ಬೆಳೆದು ನಿಂತದ್ದು. ಎಳೆಯದರಲ್ಲಿ ಅದು ಹಾಗಿರುವುದಿಲ್ಲ. ತೆಳ್ಳಗೆ, ಹಗುರಾಗಿ, ಬಾಯಿ ಅಗಲವಾಗಿ, ಒಂದು ತುದಿಯಲ್ಲಿ ಬಸವನಹುಳುವಿನಂತೆ ಸುರುಳಿ ಕಾಣಿಸುತ್ತಿರುತ್ತದೆ. ಹಲ್ಲು ಇನ್ನೂ ಮೂಡಿರುವುದಿಲ್ಲ. ಬೆನ್ನಿನ ಮೇಲೆ ಹೆಚ್ಚಾಗಿ ಅಡ್ಡ ಪಟ್ಟಿಗಳು, ದೊಡ್ಡದಾದ ಮೇಲಿನ ಬಣ್ಣಕ್ಕೂ ಅದಕ್ಕೂ ಸಂಬಂಧವೇ ಇಲ್ಲದ ಹಾಗೆ.

ಒಂದು ಹಂತಕ್ಕೆ ಬಂದಾಗ ಹೊರತುಟಿ ಒಳಕ್ಕೆ ಮಡಚಿಕೊಳ್ಳುತ್ತದೆ, ಬಾಯಿ ಸೀಳಿನಷ್ಟೇ ಉಳಿಯುತ್ತದೆ, ಎರಡೂ ತುಟಿಗಳಲ್ಲಿ ಹಲ್ಲು ಮೂಡುತ್ತದೆ. ಅಲ್ಲಿಗೆ ಉದ್ದದ ಬೆಳವಣಿಗೆ ಮುಗಿಯಿತು. ಆಮೇಲೆ ಚಿಪ್ಪು ದಪ್ಪವಾಗುತ್ತದೆ, ಅಷ್ಟೇ. ಇದೊಂದು ಅನುಕೂಲ. ಬೆಳೆದ ಎರಡು ಕವಡೆಗಳ ಅಳತೆಯನ್ನು ಹೋಲಿಸಿದರೆ ಅರ್ಥವಿದೆ, ಏಕೆಂದರೆ ಎರಡೂ ತಮ್ಮ ಪೂರ್ತಿ ಉದ್ದ ಮುಟ್ಟಿವೆ.

ದಪ್ಪವಾಗುವ ಕೆಲಸ ಮಾಡುವುದು ಜೀವಿಯ ಎರಡು ಮಾಂಸದ ಸೆರಗುಗಳು. ಎರಡೂ ಬದಿಯಿಂದ ಮೇಲೆದ್ದು ಅವು ಚಿಪ್ಪನ್ನು ಹೊದ್ದುಕೊಳ್ಳುತ್ತವೆ. ಕವಡೆಯ ಹೊಳಪು ಬರುವುದು ಇದರಿಂದಲೇ. ಹೊರಗಿನ ಮರಳು, ಪಾಚಿ ಚಿಪ್ಪಿಗೆ ತಾಗುವುದೇ ಇಲ್ಲ. ಎರಡು ಸೆರಗುಗಳ ಅಂಚು ಕೂಡುವ ಜಾಗದಲ್ಲಿ ಎಷ್ಟೋ ಪ್ರಭೇದಗಳ ಬೆನ್ನ ಮೇಲೆ ಒಂದು ಗೆರೆ ಉಳಿಯುತ್ತದೆ. ಹುಲಿ ಕವಡೆಯಲ್ಲಿ ಅದನ್ನು ಸುಲಭವಾಗಿ ನೋಡಬಹುದು. ಸೆರಗು ಪದರದ ಮೇಲೆ ಪದರ ಬಳಿಯುತ್ತ ಹೋಗುವುದರಿಂದ ಮೊದಲಿನ ಪಟ್ಟಿಗಳು ಕೆಳಗೆ ಹೂತುಹೋಗುತ್ತವೆ. ಚಿಕ್ಕ ಟಾರ್ಚನ್ನು ಬಾಯಿಗೆ ಹಿಡಿದು ಕತ್ತಲಲ್ಲಿ ನೋಡಿ. ಚಿಪ್ಪು ತೆಳುವಾಗಿದ್ದರೆ ಆ ಹಳೆಯ ಪಟ್ಟಿಗಳು ಬೆಳಕಿನಲ್ಲಿ ಮೂಡಿಬರುತ್ತವೆ. ಮೊದಲ ಸಲ ನೋಡಿದಾಗ ನನಗೆ ಮೈ ಜುಮ್ಮೆಂದಿತ್ತು.

ಅಂದರೆ ಬಣ್ಣ ಎನ್ನುವುದು ವಯಸ್ಸಿನೊಂದಿಗೆ ಬದಲಾಗುವ ಸಂಗತಿ. ಪದರ ಬಳಿಯುವುದು ಅರ್ಧಕ್ಕೆ ನಿಂತ ಕವಡೆ ಎರಡು ಪ್ರಭೇದಗಳ ನಡುವಿನದರಂತೆ ಕಾಣುವುದು ಸಹಜ.

ಹಂತ 2: ಒಂದೇ ಒಂದು ಜೋಡಿ ಆರಿಸಿಕೊಳ್ಳಿ

ಎಲ್ಲ ಮಿಶ್ರತಳಿಗಳನ್ನೂ ಕಲಿಯಲು ಹೊರಡಬೇಡಿ. ನೈಋತ್ಯ ಆಸ್ಟ್ರೇಲಿಯಾದ ಜೋಯ್ಲಾ ಕುಲದಲ್ಲಿ ಫ್ರೆಂಡಿಯೈ ಮತ್ತು ವೆನುಸ್ಟಾ ಎಂಬೆರಡರ ನಡುವಿನ ಚಿಪ್ಪುಗಳ ಬಗ್ಗೆ ಸಂಗ್ರಾಹಕರು ಬಹಳ ಚರ್ಚಿಸುತ್ತಾರೆ. ಆ ಕುಲದ ಮರಿಗಳು ನೀರಿನಲ್ಲಿ ತೇಲಿ ದೂರ ಹೋಗುವುದಿಲ್ಲ, ಮೊಟ್ಟೆಯಿಂದ ಹೊರಬಂದು ಅಲ್ಲೇ ತೆವಳುತ್ತವೆ. ಹಾಗಾಗಿ ಊರಿಗೊಂದು ರೂಪ, ರೂಪಗಳ ನಡುವೆ ಮಸುಕು ಗಡಿ. ಓದಲು ರೋಚಕ, ಕಲಿಯುವವರಿಗೆ ಕಷ್ಟ.

ನಮ್ಮ ಕೈಗೆ ಸಿಗುವ ಜೋಡಿ ಬೇರೆ ಇದೆ. ಒಂದು, ಮೊನೆಟೇರಿಯಾ ಮೊನೆಟಾ: ಒಂದು ಕಾಲಕ್ಕೆ ಹಣವಾಗಿ ನಡೆದದ್ದು, ‘ಕವಡೆ ಕಾಸಿನ ಬೆಲೆ ಇಲ್ಲ’ ಎನ್ನುವಾಗ ನಮ್ಮ ಬಾಯಲ್ಲಿ ಬರುವುದು. ಇನ್ನೊಂದು, ಮೊನೆಟೇರಿಯಾ ಆನ್ಯುಲಸ್. ಇಲ್ಲಿ ಉಂಗುರ ಕವಡೆ ಎಂದು ಕರೆಯುತ್ತೇನೆ. ಎರಡಕ್ಕೂ 1758ರಲ್ಲಿ ಹೆಸರಿಟ್ಟವನು ಲಿನೇಯಸ್. ಎರಡೂ ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್‌ನ ಆಳವಿಲ್ಲದ ನೀರಿನಲ್ಲಿ, ಹವಳದ ದಿಬ್ಬಗಳ ಮೇಲೆ, ಬಂಡೆಗಳ ಸಂದಿಯಲ್ಲಿ ಪಾಚಿ ತಿಂದು ಬದುಕುತ್ತವೆ. ಇವೆರಡರ ನಡುವಿನ ಮಿಶ್ರತಳಿಯೇ ಸಂಗ್ರಾಹಕರ ಬಾಯಲ್ಲಿ ಹೆಚ್ಚು ಕೇಳಿಬರುವುದು.

ಹಣದ ಕವಡೆಯನ್ನು ಮೇಲಿನಿಂದ ನೋಡಿದರೆ ಅಂಡಾಕಾರವಲ್ಲ, ಮೂಲೆಗಳಿರುವ ಆಕಾರ. ಹಿಂಬದಿಯ ಕಡೆ ಅಗಲ, ಅಲ್ಲಿ ಎರಡೂ ಅಂಚಿನಲ್ಲಿ ಉಬ್ಬಿದ ಗಂಟುಗಳು. ಮೈಬಣ್ಣ ತಿಳಿಹಳದಿಯಿಂದ ಗಾಢ ಹಳದಿಯವರೆಗೆ. ಬೆನ್ನಿನಲ್ಲಿ ಕೆಲವೊಮ್ಮೆ ಬೂದುಬಣ್ಣದ ಪಟ್ಟಿಗಳು ಒಳಗಿನಿಂದ ಮಸುಕಾಗಿ ಇಣುಕುತ್ತವೆ. ಉಂಗುರ ಕವಡೆ ನುಣುಪಾದ ಅಂಡಾಕಾರ, ಗಂಟುಗಳಿಲ್ಲ. ಬೆನ್ನ ನಡುವೆ ಬೂದು ನೀಲಿ, ಅದರ ಸುತ್ತ ಕಿತ್ತಳೆ ಅಥವಾ ಚಿನ್ನದ ಬಣ್ಣದ ಉಂಗುರ, ಉಂಗುರದಾಚೆ ಮಾಸಲು ಬಿಳಿ.

ಈಗ ಮುಖ್ಯ ಮಾತು. ಅಪ್ಪಟ ಹಣದ ಕವಡೆಯಲ್ಲೂ ಎಷ್ಟೋ ಸಲ ತೆಳುವಾದ ಕಿತ್ತಳೆ ಗೆರೆ ಇರುತ್ತದೆ. ಅದೊಂದನ್ನೇ ಹಿಡಿದು ಮಿಶ್ರತಳಿ ಎಂದವರೇ ಹೆಚ್ಚು, ನಾನೂ ಎಂದಿದ್ದೆ. ಆದ್ದರಿಂದ ಮೊದಲು ಪ್ರತಿಯೊಂದು ಪ್ರಭೇದದ ಇಪ್ಪತ್ತು ಮೂವತ್ತು ಸಾಮಾನ್ಯ ಕವಡೆಗಳನ್ನು ಬಿಳಿ ಬಟ್ಟೆಯ ಮೇಲೆ ಹರಡಿ. ಪೂಜಾ ಸಾಮಗ್ರಿ ಮಾರುವ ಅಂಗಡಿಯಲ್ಲಿ ಸಿಗುವ ಹಣದ ಕವಡೆ ಈ ಅಭ್ಯಾಸಕ್ಕೆ ಸಾಕು. ಯಲ್ಲಮ್ಮನ ಜೋಗತಿಯರ ಕವಡೆ ಸರದಲ್ಲಿ ಇರುವಂಥವು ಬೇಡ, ಪೋಣಿಸಲೆಂದು ಅವುಗಳ ಬೆನ್ನು ಒಡೆದಿರುತ್ತಾರೆ. ಒಂದು ವಾರ ದಿನಾ ಸಂಜೆ ನೋಡಿ. ಒಂದೇ ಪ್ರಭೇದದೊಳಗೆ ಎಷ್ಟು ವೈವಿಧ್ಯವಿದೆ ಎಂಬುದು ಕಣ್ಣಿಗೆ ಹತ್ತಿದ ಮೇಲೆ ನೀವು ‘ವಿಚಿತ್ರ’ ಎನ್ನುವ ಕವಡೆಗಳ ಸಂಖ್ಯೆ ತಾನಾಗಿ ಇಳಿಯುತ್ತದೆ.

ಹಂತ 3: ಕವಡೆಗಿಂತ ಮೊದಲು ಚೀಟಿ ಓದಿ

ಎಲ್ಲಿ ಸಿಕ್ಕಿತು, ಯಾವಾಗ, ಎಷ್ಟು ಆಳದಲ್ಲಿ, ಸುತ್ತ ಏನಿತ್ತು, ಯಾರು ಎತ್ತಿಕೊಂಡರು. ಈ ವಿವರಗಳಿಲ್ಲದ ಕವಡೆಯ ಬಗ್ಗೆ ಮಿಶ್ರತಳಿಯ ಚರ್ಚೆ ಬೇಡ. ಕೂಡಬೇಕಾದರೆ ಎರಡೂ ಪ್ರಭೇದ ಒಂದೇ ಜಾಗದಲ್ಲಿ ಇರಬೇಕಲ್ಲ. ಚಿರತೆ ಕವಡೆ ಎನ್ನಬಹುದಾದ ಸೈಪ್ರಿಯಾ ಪ್ಯಾಂಥೆರಿನಾ ಕೆಂಪು ಸಮುದ್ರ ಮತ್ತು ಅದರ ಬಾಯಿಯ ಆಸುಪಾಸಿನದು. ಹುಲಿ ಕವಡೆಗೂ ಅದಕ್ಕೂ ಹುಟ್ಟಿದ್ದು ಎಂದು ಹೇಳುತ್ತ ಫಿಲಿಪೀನ್ಸ್‌ನ ಚೀಟಿ ತೋರಿಸಿದರೆ ಅಳತೆಗೋಲು ಹೊರತೆಗೆಯುವ ಅಗತ್ಯವೂ ಇಲ್ಲ.

ಇದೇ ಹಂತದಲ್ಲಿ ಮೂರನೆಯ ಪ್ರಭೇದವೊಂದು ಅಡ್ಡ ಬರುತ್ತದೆಯೇ ಎಂದೂ ನೋಡಿ. ಟಹೀಟಿಯ ಕಡೆಯಿಂದ ಬಂದ ಉಂಗುರ ಕವಡೆಯಂಥದ್ದರ ಅಂಚು ದಪ್ಪವಾಗಿ ಉಬ್ಬಿ, ಬೆನ್ನು ಅದರೊಳಗೆ ಹುದುಗಿದಂತಿದ್ದರೆ ಅದು ಮಿಶ್ರತಳಿಯಲ್ಲ, ಮೊನೆಟೇರಿಯಾ ಆಬ್ವೆಲಾಟಾ ಎಂಬ ಅಲ್ಲಿನದೇ ಪ್ರಭೇದ.

ಹಣದ ಕವಡೆಯ ವಿಷಯದಲ್ಲಿ ಇನ್ನೊಂದು ತೊಡಕಿದೆ. ಮನುಷ್ಯರು ಇದನ್ನು ಶತಮಾನಗಳ ಕಾಲ ಹಡಗುಗಟ್ಟಲೆ ಸಾಗಿಸಿದ್ದಾರೆ. ಮಾಲ್ಡೀವ್ಸ್‌ನ ಕವಡೆ ಬಂಗಾಳಕ್ಕೆ ಹೋಗಿ ಅಕ್ಕಿಯಾಗಿ ಮರಳುತ್ತಿದ್ದುದನ್ನು ಹದಿನಾಲ್ಕನೆಯ ಶತಮಾನದಲ್ಲಿ ಇಬ್ನ್ ಬತೂತ ಬರೆದಿದ್ದಾನೆ. ಹತ್ತೊಂಬತ್ತನೆಯ ಶತಮಾನದಲ್ಲಿ ಜಂಜಿಬಾರ್ ಕಡೆಯ ಉಂಗುರ ಕವಡೆಯನ್ನು ಯುರೋಪಿನ ವ್ಯಾಪಾರಿಗಳು ಪಶ್ಚಿಮ ಆಫ್ರಿಕಾದಲ್ಲಿ ಸುರಿದರು. ಹಳೆಯ ಡಬ್ಬಿಯಲ್ಲಿ ಎರಡೂ ಒಟ್ಟಿಗೆ ಸಿಕ್ಕಿದವು ಎಂದರೆ ಅವು ಒಂದೇ ಕಡಲಲ್ಲಿ ಬೆಳೆದವು ಎಂದಲ್ಲ.

ನೀವೇ ಕಡಲಿಗೆ ಹೋಗುವವರಾದರೆ ಸತ್ತು ದಡ ಸೇರಿದ್ದನ್ನು ಮಾತ್ರ ನೋಡಿ. ಜೀವಂತ ಕವಡೆ ಕಂಡರೆ ಫೋಟೋ ತೆಗೆಯಿರಿ, ಸೆರಗಿನ ಬಣ್ಣ ಮತ್ತು ಅದರ ಮೇಲಿನ ಎಳೆಗಳೂ ಪ್ರಭೇದದ ಗುರುತುಗಳೇ. ಮಗುಚಿದ ಕಲ್ಲನ್ನು ಮೊದಲಿನಂತೆ ಇಡಿ. ಹೆಣ್ಣು ಕವಡೆ ಮೊಟ್ಟೆಗಳ ಮೇಲೆ ಪಾದ ಹರಡಿ ಕಾವಲು ಕೂತಿರುತ್ತದೆ, ಕಲ್ಲು ಮಗುಚಿಯೇ ಬಿಟ್ಟು ಬಂದರೆ ಅಷ್ಟೂ ಹಾಳು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗಳಲ್ಲಿ ಕೆಲವು ಕವಡೆ, ಶಂಖಗಳೂ ಸೇರಿವೆ. ಕೊಳ್ಳುವ, ಎತ್ತುವ ಮುನ್ನ ಪಟ್ಟಿ ನೋಡುವುದು ನಿಮ್ಮ ಹೊಣೆ.

ಹಂತ 4: ಅಳತೆ, ಹಲ್ಲಿನ ಎಣಿಕೆ

ಬೇಕಾದದ್ದು ವರ್ನಿಯರ್ ಕ್ಯಾಲಿಪರ್, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಒಂದು ನೋಟ್‌ಬುಕ್. ಉದ್ದ, ಅಗಲ, ಎತ್ತರ ಮೂರನ್ನೂ ಮಿಲಿಮೀಟರಿನಲ್ಲಿ ಬರೆದುಕೊಳ್ಳಿ. ಅಗಲವನ್ನು ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿ. ಉದ್ದ 22.4, ಅಗಲ 16.1 ಇದ್ದರೆ ಸುಮಾರು 72 ಬರುತ್ತದೆ. ಚಿಕ್ಕ ಕವಡೆಯನ್ನೂ ದೊಡ್ಡ ಕವಡೆಯನ್ನೂ ಪಕ್ಕಪಕ್ಕ ಇಟ್ಟು ನೋಡಲು ಈ ಸಂಖ್ಯೆ ಬೇಕು.

ಹಲ್ಲಿನ ಎಣಿಕೆಗೆ ತಾಳ್ಮೆ ಹೆಚ್ಚು ಬೇಕು. ಕವಡೆಯನ್ನು ಅಂಗಾತ ಇಟ್ಟು, ಹೊರತುಟಿಯದು ಬೇರೆ, ಒಳತುಟಿಯದು ಬೇರೆ ಎಣಿಸಿ. ಎರಡೂ ತುದಿಯ ಅಂಚಿನ ಏಣನ್ನು ಹಲ್ಲೆಂದು ಲೆಕ್ಕ ಹಿಡಿಯುವಿರೋ ಇಲ್ಲವೋ ಎಂಬುದನ್ನು ಮೊದಲೇ ನಿರ್ಧರಿಸಿ, ಆಮೇಲೆ ಬದಲಾಯಿಸಬೇಡಿ. ಮೂರು ಸಲ ಎಣಿಸಿ, ಮೂರೂ ಸಲ ಒಂದೇ ಬಂದರೆ ಬರೆಯಿರಿ. ಕವಡೆಗಳ ಅಧ್ಯಯನಕ್ಕೆ ಬದುಕು ಸವೆಸಿದ ಜರ್ಮನಿಯ ಶಿಲ್ಡರ್ ದಂಪತಿ, ಫ್ರಾನ್ಸ್ ಆಲ್ಫ್ರೆಡ್ ಮತ್ತು ಮರಿಯಾ, ಉದ್ದ, ಅಗಲದ ಪ್ರಮಾಣ, ಎರಡೂ ತುಟಿಯ ಹಲ್ಲುಗಳನ್ನು ಒಂದೇ ಸಾಲಿನ ಸೂತ್ರವಾಗಿ ಬರೆಯುವ ಪದ್ಧತಿ ರೂಪಿಸಿದರು. ಉದ್ದ ಹೆಚ್ಚಿದಂತೆ ಹಲ್ಲೂ ಹೆಚ್ಚುವುದರಿಂದ, ಪ್ರತಿ ಕವಡೆಯೂ 25 ಮಿಲಿಮೀಟರ್ ಉದ್ದವಿದ್ದಿದ್ದರೆ ಎಷ್ಟು ಹಲ್ಲು ಇರುತ್ತಿತ್ತು ಎಂದು ಅವರು ಲೆಕ್ಕ ಹಾಕಿದರು. ಫೆಲಿಕ್ಸ್ ಲೊರೆನ್ಜ್ ಮತ್ತು ಅಲೆಕ್ಸ್ ಹ್ಯೂಬರ್ಟ್ 1993ರಲ್ಲಿ ತಂದ ಜಗತ್ತಿನ ಕವಡೆಗಳ ಮಾರ್ಗದರ್ಶಿ ಸಂಗ್ರಾಹಕರ ಕೈಪಿಡಿಯಂತಿದೆ. ಅದು ಸಿಕ್ಕರೆ ನಿಮ್ಮ ಅಂಕಿಗಳನ್ನು ಅದರ ಪಕ್ಕದಲ್ಲಿಟ್ಟು ನೋಡಬಹುದು.

ಹಂತ 5: ವೇಷಧಾರಿಗಳನ್ನು ಹೊರಗಿಡಿ

ನನ್ನ ಮಟ್ಟಿಗೆ ಇಡೀ ಕೆಲಸದ ಜೀವಾಳ ಇದು.

ಒಂದು ಪ್ರವಾಸಿ ಊರಿನ ಅಂಗಡಿಯಲ್ಲಿ ನೇರಳೆ ಬೆನ್ನಿನ, ಉಂಗುರದ ಕುರುಹಿದ್ದ ಕವಡೆಯೊಂದನ್ನು ಕೇಳಿದಷ್ಟು ದುಡ್ಡು ಕೊಟ್ಟು ತಂದೆ. ಎರಡು ಜಾತಿ ಬೆರೆತದ್ದು ಎಂದು ಅಂಗಡಿಯವರು ಹೇಳಿದ್ದರು, ನಾನು ನಂಬಿದ್ದೆ. ಮನೆಗೆ ಬಂದು ಭೂತಗನ್ನಡಿ ಹಿಡಿದೆ. ಬೆನ್ನ ತುಂಬ ಒಂದೇ ದಿಕ್ಕಿಗೆ ಓಡುವ ಸಣ್ಣ ಗೀರುಗಳು. ಯಾರೋ ಉಜ್ಜಿ ಮೇಲ್ಪದರ ತೆಗೆದಿದ್ದರು. ಉಂಗುರ ಕವಡೆಯ ಮೇಲ್ಪದರದ ಕೆಳಗೆ ನೇರಳೆ ಪದರವಿರುತ್ತದೆ, ಅದು ಹೊರಬಿದ್ದಿತ್ತು. ಕಡಲು ಸಹ ಇದನ್ನೇ ಮಾಡುತ್ತದೆ, ದಡದಲ್ಲಿ ಉರುಳಿ ಸವೆದ ಕವಡೆಯಲ್ಲಿ ಇದೇ ನೇರಳೆ. ಆದರೆ ಅಲ್ಲಿ ಸವೆತ ಉಬ್ಬಿದ ಜಾಗದಲ್ಲೆಲ್ಲ ಇರುತ್ತದೆ, ಹೊಳಪು ಎಲ್ಲೂ ಇರುವುದಿಲ್ಲ. ಉಜ್ಜಿದ್ದರಲ್ಲಿ ಹೊಟ್ಟೆಯ ಭಾಗ ಫಳಫಳ, ಬೆನ್ನು ಮಾತ್ರ ಬೇರೆ. ಆಮ್ಲದಲ್ಲಿ ಅದ್ದಿದ್ದು, ಬಣ್ಣ ಹಚ್ಚಿದ್ದು, ಎಣ್ಣೆ ಸವರಿದ್ದು ಕೂಡ ಮಾರಾಟಕ್ಕೆ ಬರುತ್ತವೆ. ಹಲ್ಲುಗಳ ಸಂದಿ ನೋಡಿ, ಹಚ್ಚಿದ ಬಣ್ಣ ಅಲ್ಲಿ ಗಟ್ಟಿಯಾಗಿ ಕೂತಿರುತ್ತದೆ.

ಮೋಸವಿಲ್ಲದೆಯೂ ಕವಡೆ ವೇಷ ಹಾಕುತ್ತದೆ. ಪೂರ್ತಿ ಬೆಳೆಯದ್ದರ ಬಗ್ಗೆ ಆಗಲೇ ಹೇಳಿದೆ; ಅಂಚು ತೆಳುವಾಗಿದ್ದು ಹಲ್ಲು ಮೊಂಡಾಗಿದ್ದರೆ ಪಕ್ಕಕ್ಕಿಡಿ. ಏಡಿ ಅಥವಾ ಮೀನು ಸೆರಗನ್ನು ಕಚ್ಚಿದ್ದರೆ ಆ ಜಾಗದಲ್ಲಿ ಬಣ್ಣದ ಕೆಲಸ ಕೆಡುತ್ತದೆ. ಉಂಗುರ ಒಂದು ಬದಿಯಲ್ಲಿ ತುಂಡಾಗಿ, ಅಲ್ಲೇ ಸಣ್ಣ ತಗ್ಗು ಅಥವಾ ಒರಟು ಕಲೆ ಇದ್ದರೆ ಅದು ಗಾಯದ ಗುರುತು. ಬಿಸಿಲಿಗೆ ಹಣದ ಕವಡೆಯ ಹಳದಿ ಮಾಸುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ಮೀನಿನ ಹೊಟ್ಟೆಯಿಂದ ತೆಗೆದ ಅಪರೂಪದ ಕವಡೆಗಳಿವೆ, ಜಠರರಸ ಅವುಗಳ ಹೊಳಪು ತಿಂದುಹಾಕಿರುತ್ತದೆ.

ಇನ್ನು ನ್ಯೂ ಕ್ಯಾಲೆಡೋನಿಯಾ. ಪೆಸಿಫಿಕ್‌ನ ಆ ದ್ವೀಪದ ದಕ್ಷಿಣ ತೀರದಲ್ಲಿ ಹಲವು ಪ್ರಭೇದದ ಕವಡೆಗಳು ಕಪ್ಪುಗಟ್ಟಿ, ಎರಡೂ ತುದಿ ಕೊಕ್ಕಿನಂತೆ ಚಾಚಿ ಬೆಳೆಯುತ್ತವೆ. ಅಲ್ಲಿನ ಮಣ್ಣಿನಲ್ಲಿ ನಿಕ್ಕಲ್ ಹೇರಳ, ಅದೇ ಕಾರಣವಿರಬಹುದು ಎಂಬ ಊಹೆ ಬಹಳ ಕಾಲದಿಂದ ಇದೆ. ನೋಡಿದವರಿಗೆ ಹೊಸ ಪ್ರಭೇದ, ಇಲ್ಲವೇ ಮಿಶ್ರತಳಿ ಎನಿಸುವಷ್ಟು ಬೇರೆ. ಹಲ್ಲು ನೋಡಿದರೆ ಮಾತ್ರ ಹಳೆಯ ಗುರುತು ಸಿಗುತ್ತದೆ. ಹಲ್ಲು, ತಳದ ಆಕಾರಗಳನ್ನು ನಾನು ಬಣ್ಣಕ್ಕಿಂತ ಹೆಚ್ಚು ನಂಬುವುದು ಇದೇ ಕಾರಣಕ್ಕೆ.

ಹಂತ 6: ಅಂಕ ಕೊಡಿ

ಇಷ್ಟೆಲ್ಲ ದಾಟಿ ಬಂದ ಕವಡೆಗೆ ಈಗ ಪರೀಕ್ಷೆ. ಒಂದಕ್ಕೊಂದು ಸಂಬಂಧವಿಲ್ಲದ ಐದಾರು ಲಕ್ಷಣ ಆರಿಸಿ. ನಮ್ಮ ಜೋಡಿಗಾದರೆ ಉಂಗುರ, ಅಂಚಿನ ಗಂಟು, ಮೈಬಣ್ಣ, ಅಗಲದ ಪ್ರಮಾಣ, ಹೊರತುಟಿಯ ಹಲ್ಲು, ಒಳತುಟಿಯ ಹಲ್ಲು. ಪೂರ್ತಿ ಹಣದ ಕವಡೆಯಂತಿದ್ದರೆ 0, ಪೂರ್ತಿ ಉಂಗುರ ಕವಡೆಯಂತಿದ್ದರೆ 2, ನಡುವೆ ಇದ್ದರೆ 1. ಎಲ್ಲವನ್ನೂ ಕೂಡಿಸಿ. ಗಿಡಗಳ ಮಿಶ್ರತಳಿಗಳನ್ನು ಅಳೆಯಲು ಅಮೆರಿಕದ ಸಸ್ಯವಿಜ್ಞಾನಿ ಎಡ್ಗರ್ ಆಂಡರ್ಸನ್ ಬಳಸಿದ ಉಪಾಯ ಇದು. 1949ರಲ್ಲಿ ಅವರು ಬರೆದ ಪುಸ್ತಕದಿಂದ ಇದು ಹೆಚ್ಚು ಪ್ರಚಾರಕ್ಕೆ ಬಂತು.

ನಿಮ್ಮ ಸಂಶಯದ ಕವಡೆಗೆ ಮಾತ್ರ ಅಂಕ ಕೊಟ್ಟರೆ ಪ್ರಯೋಜನವಿಲ್ಲ. ಅದೇ ಜಾಗದ ಸಾಮಾನ್ಯ ಕವಡೆಗಳಿಗೂ ಕೊಡಿ, ಚೀಟಿ ಮುಚ್ಚಿಟ್ಟು, ಯಾವುದು ಯಾವುದೆಂದು ನೋಡದೆ. ಬಹುಪಾಲು ಕವಡೆಗಳು 0ಯ ಹತ್ತಿರ ಒಂದು ಗುಂಪು, 12ರ ಹತ್ತಿರ ಇನ್ನೊಂದು ಗುಂಪು ಆಗಿ, ನಡುವಿನ ಬಯಲಿನಲ್ಲಿ ನಿಮ್ಮದೊಂದೇ 5, 6ರಲ್ಲಿ ನಿಂತಿದ್ದರೆ ಎದೆಬಡಿತ ಹೆಚ್ಚಲಿ, ಅಡ್ಡಿಯಿಲ್ಲ. ಅಂಕಗಳು ಒಂದು ತುದಿಯಿಂದ ಇನ್ನೊಂದು ತುದಿಗೆ ಎಡೆಬಿಡದೆ ಹರಡಿದ್ದರೆ ಕಥೆ ಬೇರೆ. ಆಗ ನೀವು ನೋಡುತ್ತಿರುವುದು ಬದಲಾಗುವ ಒಂದೇ ಪ್ರಭೇದವನ್ನೇ, ಇಲ್ಲವೇ ತಲೆಮಾರುಗಳಿಂದ ಬೆರೆತ ಸಂಸಾರವನ್ನೇ ಎಂದು ಚಿಪ್ಪಷ್ಟೇ ನೋಡಿ ಹೇಳಲಾಗದು.

ಐದು ಲಕ್ಷಣ ಹಣದ ಕವಡೆಯದು, ಉಂಗುರವೊಂದೇ ಎದ್ದು ಕಾಣುತ್ತದೆ ಎಂದಾದರೆ ಅದು ಉಂಗುರವಿರುವ ಹಣದ ಕವಡೆ. ಮನಸ್ಸಿಗೆ ಬೇಸರವಾಗುತ್ತದೆ. ಆದರೂ ಹಾಗೆಯೇ ಬರೆಯಿರಿ.

ಹಂತ 7: ಡಿಎನ್ಎ ಹೇಳುವುದು, ಹೇಳದಿರುವುದು

ಒಣಗಿದ ಮಾಂಸದ ತುಣುಕು ಉಳಿದಿದ್ದರೆ ಪ್ರಯೋಗಾಲಯದ ಮಾತು ಬರುತ್ತದೆ. 2005ರಲ್ಲಿ ಕ್ರಿಸ್ಟೋಫರ್ ಮೇಯರ್ ಮತ್ತು ಗುಸ್ತಾವ್ ಪಾಲೆ 2000ಕ್ಕೂ ಹೆಚ್ಚು ಕವಡೆಗಳ ಡಿಎನ್ಎ ಹೋಲಿಸಿ, ಒಂದೇ ತುಣುಕು ಓದಿ ಪ್ರಭೇದ ಹೇಳುವ ವಿಧಾನ ಎಷ್ಟು ಸರಿ, ಎಲ್ಲಿ ತಪ್ಪುತ್ತದೆ ಎಂದು ತೋರಿಸಿದರು. ಅಂಥ ಪರೀಕ್ಷೆಗಳಲ್ಲಿ ಹೆಚ್ಚಾಗಿ ಓದುವುದು ಮೈಟೊಕಾಂಡ್ರಿಯದ ಡಿಎನ್ಎ. ಅದು ತಾಯಿಯಿಂದ ಮಾತ್ರ ಬರುತ್ತದೆ. ಮಿಶ್ರತಳಿಯನ್ನು ಪರೀಕ್ಷಿಸಿದರೆ ತಾಯಿಯ ಹೆಸರು ಸಿಗುತ್ತದೆ, ತಂದೆಯ ಸುಳಿವೇ ಇರುವುದಿಲ್ಲ. ಎರಡೂ ಕಡೆಯದು ತಿಳಿಯಲು ಜೀವಕೋಶದ ಕೇಂದ್ರದ ಡಿಎನ್ಎ ಓದಬೇಕು. ಹಾಗಾಗಿ ‘ಡಿಎನ್ಎ ಪರೀಕ್ಷೆ ಮಾಡಿಸಿದೆ’ ಎಂದು ಯಾರಾದರೂ ಹೇಳಿದರೆ ಯಾವ ಡಿಎನ್ಎ ಎಂದು ಕೇಳಿ.

ಹಂತ 8: ಹೆಸರು ಬರೆಯುವುದು, ಇಡುವುದು

ಮಿಶ್ರತಳಿಗೆ ಹೊಸ ಹೆಸರಿಡುವುದಿಲ್ಲ. ಪ್ರಾಣಿಗಳ ಹೆಸರಿನ ಅಂತರರಾಷ್ಟ್ರೀಯ ನಿಯಮಾವಳಿ ಮಿಶ್ರತಳಿ ಎಂದು ಗೊತ್ತಿದ್ದೂ ಕೊಟ್ಟ ಹೆಸರನ್ನು ಪರಿಗಣಿಸುವುದಿಲ್ಲ. ಎರಡೂ ಪ್ರಭೇದದ ಹೆಸರು ಬರೆದು ನಡುವೆ × ಗುರುತು ಹಾಕುತ್ತಾರೆ: ಮೊನೆಟೇರಿಯಾ ಆನ್ಯುಲಸ್ × ಮೊನೆಟೇರಿಯಾ ಮೊನೆಟಾ. ಅದರ ಮುಂದೆ ‘ಶಂಕಿತ’ ಎಂಬ ಪದ ಸೇರಿಸಿ. ಅಳತೆ, ಎಣಿಕೆ, ಅಂಕ, ಸ್ಥಳ, ದಿನಾಂಕ ಎಲ್ಲವೂ ಅದೇ ಚೀಟಿಯಲ್ಲಿರಲಿ. ಬೆನ್ನು, ಹೊಟ್ಟೆ, ಎರಡು ಬದಿ, ಎರಡು ತುದಿ ಹೀಗೆ ಆರು ಫೋಟೋ, ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆಯಿರಿ.

ಓಕ್‌ನಂಥ ಮರದ ಪೆಟ್ಟಿಗೆ, ಅಗ್ಗದ ರಟ್ಟಿನ ಡಬ್ಬಿಗಳಿಂದ ಹೊರಡುವ ಆಮ್ಲದ ಆವಿ ಚಿಪ್ಪಿನ ಸುಣ್ಣವನ್ನು ತಿಂದು ಬಿಳಿ ಹುಡಿಯಾಗಿಸುತ್ತದೆ. ನಮ್ಮ ಮಳೆಗಾಲದ ತೇವದಲ್ಲಿ ಇದು ಇನ್ನೂ ಬೇಗ. ಪ್ಲಾಸ್ಟಿಕ್ ಅಥವಾ ಲೋಹದ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾದ ಪೊಟ್ಟಣ ಸಾಕು.

ಅಜ್ಜಿಯ ಕವಡೆಯನ್ನೂ ಇದೇ ಹಂತಗಳಲ್ಲಿ ನಡೆಸಿದೆ. ಪೂರ್ತಿ ಬೆಳೆದದ್ದು, ಉಜ್ಜಿದ್ದಲ್ಲ, ಗಾಯದ ಗುರುತಿಲ್ಲ. ಗಂಟುಗಳು ಇವೆ, ಮೊಂಡಾಗಿವೆ. ಅಂಕ 12ರಲ್ಲಿ 5. ಆದರೆ ಮೂರನೆಯ ಹಂತದಲ್ಲಿ ನಿಂತುಬಿಟ್ಟಿತು. ಅದು ಯಾವ ಕಡಲಿನದು, ಯಾವ ಸಂತೆಯಿಂದ ಬಂತು, ಅಜ್ಜಿಗೆ ಯಾರು ಕೊಟ್ಟರು ಎಂದು ಹೇಳುವವರು ಈಗ ಯಾರೂ ಇಲ್ಲ. ಚೀಟಿಯಲ್ಲಿ ಅಳತೆಗಳನ್ನು ಬರೆದೆ, ‘ಸ್ಥಳ ತಿಳಿಯದು’ ಎಂದು ಬರೆದೆ, × ಗುರುತು ಹಾಕಲಿಲ್ಲ. ಉಳಿದ ಮೂರರ ಜೊತೆಗೇ ಇಟ್ಟಿದ್ದೇನೆ. ರಜೆಗೆ ಮಕ್ಕಳು ಬಂದಾಗ ನಾಲ್ಕೂ ಹೊರಗೆ ಬರುತ್ತವೆ.